ಪ್ರತಿ ತಡೆಯುವ ಬೀಗ ಮತ್ತು ಕಂಪ್ಯೂಟರಿನ ಸುರಕ್ಷತೆ

ಕೇಳುಗರಿಗೆ ನಮಸ್ಕಾರ.

ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಯಕ್ಷಗಾನದ ಸಿ.ಡಿ.ಗಳು ಈಗಲೂ ಇವೆ. ಮಳೆಗಾಲದ ತೇವಕ್ಕೆ ಹಾಳಾಗುವ ಮೊದಲು ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆಸೆ ಸಹಜ. ಹಾಡು, ಚಿತ್ರಗಳನ್ನು ಹೀಗೆ ಪ್ರತಿ ಮಾಡದಂತೆ ತಡೆಯಲು ಕೆಲವು ಕಂಪನಿಗಳು ಬೀಗ ಹಾಕುತ್ತವೆ. ದುಡಿದವರಿಗೆ ಪ್ರತಿಫಲ ಸಿಗಬೇಕು, ಅದು ನ್ಯಾಯವೇ. ಆದರೆ ಬೀಗ ನಮ್ಮ ಆಪರೇಟಿಂಗ್ ಸಿಸ್ಟಮ್‌ನೊಳಗೇ ಬಂದು ಕೂತರೆ?

2005ರಲ್ಲಿ ಸೋನಿ ಬಿಎಂಜಿಯ ಸಂಗೀತದ ಸಿ.ಡಿ.ಗಳಲ್ಲಿ ಆದದ್ದು ಇದೇ. ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್‌ನ ಆಟೋರನ್ ಅದರ ಪ್ಲೇಯರನ್ನು ತೆರೆಯುತ್ತಿತ್ತು. ಒಪ್ಪಿಗೆ ಒತ್ತಿದರೆ ಎಕ್ಸ್‌ಸಿಪಿ ಎಂಬ ತಂತ್ರಾಂಶ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಇಳಿಯುತ್ತಿತ್ತು. ಡಾಲರ್ ಚಿಹ್ನೆ, ಎಸ್‌ವೈಎಸ್, ಮತ್ತೆ ಡಾಲರ್ ಚಿಹ್ನೆ: ಹೆಸರು ಹೀಗೆ ಶುರುವಾಗುವ ಯಾವ ಫೈಲೂ ಕಣ್ಣಿಗೆ ಬೀಳದಂತೆ ಅದು ಅಡಗಿಸುತ್ತಿತ್ತು. ಫೈಲ್ ಯಾರದೆಂದು ನೋಡುತ್ತಿರಲಿಲ್ಲ. ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೊವಿಚ್ ಇದನ್ನು ಬಯಲು ಮಾಡಿದರು. ಕೆಲವೇ ದಿನಗಳಲ್ಲಿ ಟ್ರೋಜನ್, ಅಂದರೆ ಒಳ್ಳೆಯದರ ವೇಷದಲ್ಲಿ ಬರುವ ಕೆಡುಕಿನ ತಂತ್ರಾಂಶ, ಬರೆಯುವವರು ತಮ್ಮ ಫೈಲಿಗೂ ಅದೇ ಹೆಸರಿಟ್ಟರು. ಎಕ್ಸ್‌ಸಿಪಿಯನ್ನು ಕೈಯಾರೆ ಅಳಿಸಿದರೆ ಸಿ.ಡಿ. ಡ್ರೈವೇ ವಿಂಡೋಸ್‌ಗೆ ಕಾಣದಾಗುತ್ತಿತ್ತು, ಏಕೆಂದರೆ ಡ್ರೈವಿನ ದಾರಿಯಲ್ಲೇ ಅದರ ಡ್ರೈವರ್ ಕೂತಿತ್ತು. ಅದನ್ನು ತೆಗೆಯಲೆಂದು ಕೊಟ್ಟ ಸಾಧನ ಸುರಕ್ಷತೆಯಲ್ಲಿ ಇನ್ನೊಂದು ರಂಧ್ರ ತೆರೆಯಿತು. ಕೊನೆಗೆ ಡಿಸ್ಕ್‌ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಭಾರತದಲ್ಲಿ 2012ರ ತಿದ್ದುಪಡಿಯಿಂದ ಬಂದ ಕೃತಿಸ್ವಾಮ್ಯ ಕಾಯ್ದೆಯ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ ಎನ್ನುತ್ತದೆ. ಉದ್ದೇಶವನ್ನು ನೋಡುವುದು ಈ ಕಲಮಿನ ದೊಡ್ಡ ಗುಣ.

ಬೀಗ ಮುರಿಯುವ 'ಕ್ರ್ಯಾಕ್' ತಂತ್ರಾಂಶ ಕೂಡ ಹೆಚ್ಚಾಗಿ ಕೇಳುವುದು ಎಕ್ಸ್‌ಸಿಪಿಗೆ ಬೇಕಿದ್ದಂಥದೇ, ಸಿಸ್ಟಮ್‌ನ ಒಳಗನ್ನು ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ ಅನುಮತಿಯನ್ನು. ಆಂಟಿವೈರಸ್ ನಿಲ್ಲಿಸಿ ಎಂದು ಹೇಳುವ ಕ್ರ್ಯಾಕನ್ನಂತೂ ಮುಟ್ಟಲೇಬೇಡಿ.

ವಿಂಡೋಸ್ 11 ಇದ್ದವರು ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ, ಅದರ್ ಯೂಸರ್ಸ್‌ಗೆ ಹೋಗಿ ಮೊದಲು ಬೇರೊಂದು ಅಡ್ಮಿನಿಸ್ಟ್ರೇಟರ್ ಖಾತೆ ಮಾಡಿ, ಪಾಸ್‌ವರ್ಡ್ ಕೊಡಿ. ಅದರಿಂದ ಲಾಗಿನ್ ಆಗಿ, ದಿನಬಳಕೆಯ ಖಾತೆಯನ್ನು ಆ ಅನುಮತಿ ಇಲ್ಲದ ಸ್ಟ್ಯಾಂಡರ್ಡ್ ಯೂಸರ್ ಮಾಡಿ. ಕ್ರಮ ತಪ್ಪಬೇಡಿ. ಬ್ಲೂಟೂತ್ ಆ್ಯಂಡ್ ಡಿವೈಸಸ್‌ನಲ್ಲಿ ಆಟೋಪ್ಲೇ ಆಫ್ ಇರಲಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೊನೆಗೆ ಎಕ್ಸ್‌ಕ್ಲೂಷನ್ಸ್, ಅಂದರೆ ಆಂಟಿವೈರಸ್ ನೋಡದೆ ಬಿಡುವ ಜಾಗಗಳ ಪಟ್ಟಿ, ತೆರೆಯಿರಿ; ನೀವು ಸೇರಿಸದ ಫೋಲ್ಡರ್ ಅಲ್ಲಿದ್ದರೆ ಸಂಶಯಪಡಿ. ಆ ಸಾಲು ಅಳಿಸಿದರೆ ಸಾಲದು: ಫೋಟೊ, ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟು ವಿಂಡೋಸ್ ಹೊಸದಾಗಿ ಹಾಕಿಸಿ, ಬ್ಯಾಂಕಿನ ಪಾಸ್‌ವರ್ಡನ್ನು ಬೇರೊಂದು ಸಾಧನದಿಂದ ಬದಲಿಸಿ.