ಮುಸಿಯ ಕೂಗಿದಾಗ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ತೋಟದ ಮನೆಯವರಿಗೆ ಮುಸಿಯದ, ಅಂದರೆ ಕಪ್ಪು ಮುಖದ ಉದ್ದ ಬಾಲದ ಕೋತಿಯ, ಕೂಗು ಗೊತ್ತು. ಅಡಿಕೆ ತೋಟಕ್ಕೆ ಬಂದರೆ ಅದನ್ನು ಬೈದು ಓಡಿಸುತ್ತೇವೆ, ಆ ಮಾತು ಬೇರೆ. ಆದರೆ ಗುಡ್ಡದ ಮರದ ತುದಿಯಲ್ಲಿ ಕೂತು ಅದು ಒಂದೇ ಸಮನೆ 'ಖಕ್, ಖಕ್' ಅಂದರೆ, ನಮ್ಮ ಅಪ್ಪಯ್ಯ ಕಾಫಿ ಲೋಟ ಕೆಳಗಿಟ್ಟು ಕೇಳುತ್ತಿದ್ದರು, "ಇವತ್ತು ದನ ಯಾವ ಕಡೆ ಹೊಡೆದಿದ್ದೀರಿ?" ಹಾಗೆ ಕೂಗಿದರೆ ಹತ್ತಿರದಲ್ಲಿ ಚಿರತೆ ಇರಬಹುದು. ಆ ಚಿರತೆಯನ್ನು ಯಾರೂ ಕಂಡಿರುತ್ತಿರಲಿಲ್ಲ. ಕೂಗು ಅಲ್ಲಿಂದ ಬಂತು, ದನವೂ ಅಲ್ಲೇ ಮೇಯುತ್ತಿದೆ. ಎರಡನ್ನೂ ಕೂಡಿಸಿ ನೋಡುತ್ತಿದ್ದರು, ಅಷ್ಟೆ.

ದೇಶದ ಗುಪ್ತಚರ ಕೆಲಸವೂ ಬಹುಪಾಲು ಇದೇ. ಸಿನಿಮಾ ನೋಡಿದ ನಮಗೆ ಕಾರು, ಪಿಸ್ತೂಲು, ಕಪ್ಪು ಕನ್ನಡಕ ಕಣ್ಣಿಗೆ ಬರುತ್ತವೆ. ನಿಜದಲ್ಲಿ ಅದು ಕೂತು ಕೇಳುವ, ಓದುವ, ಬರೆದಿಡುವ ಕೆಲಸ. ಬೇಸರದ ಕೆಲಸ ಅಂತಲೇ ಹೇಳಬೇಕು.

1999ರ ಮೇ 3. ಕಾರ್ಗಿಲ್‌ನ ಬಟಾಲಿಕ್ ಕಡೆಯ ಕುರಿಗಾಹಿ ತಾಶಿ ನಾಮ್‌ಗ್ಯಾಲ್ ಕಳೆದುಹೋದ ತಮ್ಮ ಯಾಕ್ ಹುಡುಕಿಕೊಂಡು ಹೊರಟಿದ್ದರು. ದುರ್ಬೀನು ಹಿಡಿದು ನೋಡಿದರೆ ಬೆಟ್ಟದ ಮೇಲೆ ಗುರುತಿಲ್ಲದ ಗಂಡಸರು. ನೇರ ಹೋಗಿ ಸೇನೆಗೆ ಹೇಳಿದರು. ಗಡಿ ದಾಟಿ ಬಂದವರನ್ನು ಓಡಿಸಲು ಜುಲೈ 26ರವರೆಗೆ ಹೋರಾಡಬೇಕಾಯಿತು. ನಮ್ಮ 527 ಯೋಧರು ಪ್ರಾಣ ಕೊಟ್ಟರು.

ಅಷ್ಟು ದೊಡ್ಡ ದೇಶಕ್ಕೆ ಒಬ್ಬ ಕುರಿಗಾಹಿ ಹೇಳಬೇಕಾಯಿತೇ ಅನ್ನಿಸುತ್ತದೆ ಅಲ್ವಾ? ಸರ್ಕಾರಕ್ಕೂ ಅನ್ನಿಸಿತು. ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಕೂತು ಪರಿಶೀಲಿಸಿತು. ಚೂರುಪಾರು ಸುದ್ದಿ ಬೇರೆ ಬೇರೆ ಕಚೇರಿಗಳಲ್ಲಿ ಇತ್ತು. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವ ಏರ್ಪಾಡು ಸರಿಯಾಗಿರಲಿಲ್ಲ. ಮುಸಿಯ ಕೂಗಿದ್ದು ಒಬ್ಬರಿಗೆ ಕೇಳಿತ್ತು, ದನ ಎಲ್ಲಿದೆ ಅನ್ನುವುದು ಇನ್ನೊಬ್ಬರಿಗೆ ಗೊತ್ತಿತ್ತು!

ಇಂಥ ಪಾಠ ನಾವು ಪೆಟ್ಟು ತಿಂದೇ ಕಲಿತದ್ದು. ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ಐಬಿಯ ಬೇರು ಬ್ರಿಟಿಷರ ಕಾಲದ್ದು, 1887ರದ್ದು. ಒಳಗಿನ ಸುದ್ದಿ, ಹೊರದೇಶದ ಸುದ್ದಿ ಎರಡನ್ನೂ ಅದೇ ನೋಡುತ್ತಿತ್ತು. 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧ ಆದಮೇಲೆ ಅದು ಸಾಲದು ಎಂದು ಗೊತ್ತಾಗಿ, 1968ರಲ್ಲಿ ಹೊರಗಿನ ಸುದ್ದಿಗೆಂದೇ 'ರಾ' ಹುಟ್ಟಿತು. ಆರ್. ಎನ್. ಕಾವ್ ಅದರ ಮೊದಲ ಮುಖ್ಯಸ್ಥರು. ಕಾರ್ಗಿಲ್ ಆದಮೇಲೆ ಸುದ್ದಿ ಹಂಚಿಕೊಳ್ಳಲು ಮಲ್ಟಿ ಏಜೆನ್ಸಿ ಸೆಂಟರ್ ಬಂತು. ಆದರೂ 2008ರ ನವೆಂಬರ್ 26ರಂದು ಮುಂಬೈಗೆ ಸಮುದ್ರದಿಂದ ದಾಳಿಕೋರರು ಬಂದಿಳಿದರು. ಎಚ್ಚರಿಕೆಗಳು ಮೊದಲೇ ಬಂದಿದ್ದವು. ಆಮೇಲೆ ಆ ಸೆಂಟರನ್ನು ಇನ್ನಷ್ಟು ಬಲಪಡಿಸಿದರು.

ನಮ್ಮ ಶಿವಮೊಗ್ಗದಲ್ಲೂ ಗುಪ್ತವಾರ್ತೆಯವರಿದ್ದಾರೆ. ಮಫ್ತಿಯಲ್ಲಿ ಸಭೆಯ ಹಿಂದಿನ ಸಾಲಿನಲ್ಲಿ ಕೂತು ಸುಮ್ನೆ ಬರೆದುಕೊಳ್ಳುತ್ತಿರುತ್ತಾರೆ. ಅವರನ್ನು ನೋಡಿದರೆ ನನಗೆ ಸ್ವಲ್ಪ ಸಮಾಧಾನ, ಸ್ವಲ್ಪ ಕಸಿವಿಸಿ. ಎರಡೂ ಇರಬೇಕು ಅನ್ನುವವನು ನಾನು. ಐಬಿ, ರಾ ಎರಡೂ ಸಂಸತ್ತು ಕಾಯ್ದೆ ಮಾಡಿ ಹುಟ್ಟಿಸಿದ ಸಂಸ್ಥೆಗಳಲ್ಲ. ಮಾಹಿತಿ ಹಕ್ಕಿನಡಿ ಕೇಳಿದರೆ, ಭ್ರಷ್ಟಾಚಾರ ಅಥವಾ ಮಾನವ ಹಕ್ಕಿನ ದೂರು ಬಿಟ್ಟು ಉಳಿದದ್ದಕ್ಕೆ ಅವು ಉತ್ತರ ಕೊಡಬೇಕಾಗಿಲ್ಲ. ಇನ್ನೊಂದು ಕಡೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದೆ. ದೇಶದ ಭದ್ರತೆ ಎಂದು ಹೇಳಿಕೊಂಡು ಯಾರ ಮನೆಯ ಕಿಟಕಿಯಲ್ಲಾದರೂ ಇಣುಕುವಂತಿಲ್ಲ. ಕಾನೂನು ಬೇಕು, ಕಾರಣ ಬೇಕು, ಆ ಕಾರಣಕ್ಕೆ ತಕ್ಕಷ್ಟೇ ಇರಬೇಕು.

ಸುದ್ದಿ ಸಿಗುವುದೇ ಬೇರೆ, ಅದು ನಿಜವೋ ಎಂದು ನೋಡುವುದೇ ಬೇರೆ. ಒಂದು ಮಳೆಗಾಲ ಮಂಡಗದ್ದೆಯ ಹತ್ತಿರ ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದ ಒಬ್ಬರನ್ನು ನಾವು ನಾಲ್ಕೈದು ಜನ ಸುತ್ತುಗಟ್ಟಿದೆವು. ಬೆಳಿಗ್ಗೆಯಿಂದ ಅಲ್ಲೇ ಇದ್ದಾರೆ, ಯಾರ ಹತ್ತಿರವೂ ಮಾತಿಲ್ಲ, ಪೊಲೀಸರಿಗೆ ಹೇಳೋಣವೇ ಅಂತ ಅಷ್ಟರಲ್ಲೇ ಚರ್ಚೆಯೂ ಆಗಿತ್ತು. ಆ ಮನುಷ್ಯ ಪಾಪ, ಛತ್ರಿ ನಮ್ಮ ಕೈಗೆ ಕೊಟ್ಟು ಕ್ಯಾಮೆರಾದ ಪರದೆ ತೋರಿಸಿದರು. ತುಂಗೆಯ ನಡುಗಡ್ಡೆಯ ಮರದಲ್ಲಿ ಬೆಳ್ಳಕ್ಕಿ ಗೂಡು, ಒಳಗೆ ಬಾಯಿ ತೆರೆದ ಮೂರು ಮರಿಗಳು.