ಅಕ್ಕಂಗೆ ಏನೂ ಆಗ್ಲಿಲ್ಲ ಅಂತ ತಂಗಿ ಸುಮ್ನಿರಬಾರ್ದು

ಎಲ್ಲರಿಗೂ ನಮಸ್ಕಾರ. ನಾನು 25 ವರ್ಷದಿಂದ ಬ್ಲಡ್ ಬ್ಯಾಂಕಲ್ಲಿ ಕೆಲ್ಸ ಮಾಡ್ತಿರೋ ಡಾಕ್ಟ್ರು. ಇವತ್ತು ಬ್ಲಡ್ ಗ್ರೂಪ್ ನೆಗೆಟಿವ್ ಇರೋ ಬಸುರಿಯರ ಬಗ್ಗೆ ಮಾತಾಡಿ ಅಂದಿದಾರೆ. ಮನೇಲಿ ಬಸುರಿ ಸೊಸೆನೋ ಮಗಳೋ ಇದ್ರೆ ಒಂದ್ನಿಮಿಷ ಕೂಗಿ, ಅವರೂ ಕೇಳ್ಲಿ, ಅವರಿಗಿಂತ ಜಾಸ್ತಿ ಅತ್ತೆಯಂದಿರು ಕೇಳ್ಲಿ.

ಮೊದ್ಲು ಒಂದು ವಿಷ್ಯ ಹೇಳಿಬಿಡ್ತೀನಿ. ಗಂಡ ಹೆಂಡ್ತಿ ಇಬ್ಬರದೂ ಒಂದೇ ಬ್ಲಡ್ ಗ್ರೂಪ್ ಅಂತ ಮದುವೆ ಮುರ್ಕೊಂಡೋರನ್ನ ನೋಡಿದೀನಿ, ದಯವಿಟ್ಟು ಹಂಗೆಲ್ಲ ಮಾಡ್ಬೇಡಿ, ಒಂದೇ ಗ್ರೂಪ್ ಇದ್ರೆ ಏನೂ ಆಗಲ್ಲ. ನೋಡ್ಬೇಕಾಗಿರೋದು ಇಷ್ಟೇ, ಹೆಂಡ್ತಿ ನೆಗೆಟಿವ್ ಇದ್ದು ಗಂಡ ಪಾಸಿಟಿವ್ ಇದಾರಾ ಅಂತ. ನಮ್ಮಲ್ಲಿ 100ಕ್ಕೆ ಸುಮಾರು 5 ಜನ ನೆಗೆಟಿವ್. ಅಂಥೋರೂ ಮದುವೆ ಆಗ್ಬಹುದು, ಮಕ್ಕಳು ಮಾಡ್ಕೋಬಹುದು, ಒಂದು ಇಂಜೆಕ್ಷನ್ ಮಾತ್ರ ಮರೀಬಾರ್ದು. ಅದರ ಹೆಸರು ಆಂಟಿ-ಡಿ.

ಯಾಕೆ ಅಂತ ಹೇಳ್ತೀನಿ. ಪಾಸಿಟಿವ್ ರಕ್ತದ ಕಣದ ಮೇಲೆ ಡಿ ಅನ್ನೋ ಒಂದು ಗುರುತು ಇರುತ್ತೆ, ನೆಗೆಟಿವ್ ಅಂದ್ರೆ ಆ ಗುರುತು ಇಲ್ಲ ಅಂತ. ತಾಯಿ ನೆಗೆಟಿವ್, ಹೊಟ್ಟೇಲಿರೋ ಮಗು ಅಪ್ಪನ ಥರ ಪಾಸಿಟಿವ್. ಹೆರಿಗೆ ಹೊತ್ತಲ್ಲೋ, ಗರ್ಭ ಹೋದಾಗ್ಲೋ ಮಗು ರಕ್ತ ಸ್ವಲ್ಪ ತಾಯಿ ಮೈಗೆ ಸೇರುತ್ತೆ. ಇದನ್ನ ಹೆಪ್ಪು ಅನ್ಕೊಳ್ಳಿ. ಒಂದು ಪಾತ್ರೆ ಹಾಲಿಗೆ ಒಂದು ಚಮಚ ಮಜ್ಜಿಗೆ ಸಾಕಲ್ವಾ, ಹಂಗೆ ಎರಡು ಮೂರು ಹನಿ ರಕ್ತ ಸಾಕು, ತಾಯಿ ಮೈ ಡಿ ವಿರುದ್ಧ ಆಂಟಿಬಾಡಿ, ಅಂದ್ರೆ ಡಿ ಇರೋ ಕಣಾನ ಹೊಡೆದು ಹಾಕೋ ವಸ್ತು, ತಯಾರು ಮಾಡೋಕೆ ಶುರು ಮಾಡುತ್ತೆ. ಆ ಮಗು ಅಷ್ಟೊತ್ತಿಗೆ ಹೊರಗೆ ಬಂದಿರುತ್ತೆ, ಅದಕ್ಕೇನೂ ಆಗಲ್ಲ. ಮುಂದಿನ ಮಗು ಇದ್ಯಲ್ಲ, ಅದಕ್ಕೆ ಪೆಟ್ಟು. ಆಂಟಿಬಾಡಿ ಮಾಸು ದಾಟಿ ಹೋಗಿ ಆ ಮಗು ರಕ್ತ ಒಡೆಯುತ್ತೆ. ತಾಯಿ ಮೈ ಹಿಂಗೆ ಆಂಟಿಬಾಡಿ ಮಾಡ್ಕೊಳ್ಳದ ಹಂಗೆ ಮೊದ್ಲೇ ತಡೆಯೋದು ಆ ಆಂಟಿ-ಡಿ ಇಂಜೆಕ್ಷನ್.

ಈಗ ಅಕ್ಕ ತಂಗಿ ಕಥೆ. ಸುಮಾರು 20 ವರ್ಷದ ಹಿಂದಿನ ಮಾತು. ಅಕ್ಕ ಓ ನೆಗೆಟಿವ್, ತಂಗಿ ಬಿ ನೆಗೆಟಿವ್, ಇಬ್ಬರ ಗಂಡಂದಿರೂ ಬಿ ಪಾಸಿಟಿವ್. ಅಕ್ಕಂಗೆ ಮೂರು ಮಕ್ಕಳು, ಮೂರೂ ಮನೆ ಹೆರಿಗೆ, ಒಂದಕ್ಕೂ ಇಂಜೆಕ್ಷನ್ ಇಲ್ಲ, ಮಕ್ಕಳು ಗುಂಡುಕಲ್ಲಿನ ಹಂಗಿದಾರೆ. ತಂಗಿಗೆ ಮೊದಲ್ನೇದು ಮೂರು ತಿಂಗಳಿಗೇ ಹೋಯ್ತು, ಕ್ಲೀನ್ ಮಾಡಿಸಿದ್ರು, ಅಲ್ಲಿನ ಡಾಕ್ಟ್ರು ಚೀಟೀಲಿ ಆಂಟಿ-ಡಿ ಅಂತ ಬರೆದೂ ಕೊಟ್ಟಿದ್ರು. ಮನೇಲಿ ಅಕ್ಕ ಅಂದ್ರಂತೆ, ನಾನು ಮೂರು ಹೆತ್ತಿದೀನಿ ಕಣೇ, ಒಂದು ಸೂಜಿನೂ ಚುಚ್ಚಿಸ್ಕೊಂಡಿಲ್ಲ, ಮಗುನೇ ನಿಲ್ಲಲಿಲ್ಲ ಇನ್ನು ದುಡ್ಡು ಯಾಕೆ ಸುರೀತೀಯ. ಚೀಟಿ ಪರ್ಸಲ್ಲೇ ಉಳೀತು.

ಮುಂದಿನ ವರ್ಷ ಮಗು ಹುಟ್ತು, ಎರಡೂವರೆ ಕೆಜಿ. ಬೆಳಿಗ್ಗೆ ಹುಟ್ಟಿದ್ದು, ಸಂಜೆ ಹೊತ್ತಿಗೆ ಅಂಗಾಲಿನ ತನಕ ಅರಿಶಿನ ಬಳಿದಂಗಿತ್ತು. ಸಾಮಾನ್ಯ ಕಾಮಾಲೆ ಹುಟ್ಟಿದ ದಿನಾನೇ ಬರಲ್ಲ, ನೆನಪಿಟ್ಕೊಳ್ಳಿ. ರಕ್ತ ಪೂರ್ತಿ ಬದಲಾಯಿಸ್ಬೇಕು ಅಂತ ನಮಗೆ ಫೋನ್ ಬಂತು, ನಾನೇ ಓ ನೆಗೆಟಿವ್ ಬ್ಯಾಗ್ ಹಿಡ್ಕೊಂಡು ಓಡಿದೆ. ಹೊಕ್ಕುಳ ಬಳ್ಳೀಲಿ ಸಣ್ಣ ಟ್ಯೂಬ್ ಹಾಕಿದಾರೆ, ಸಿರಿಂಜಲ್ಲಿ 10 ಎಂಎಲ್ ಹೊರಗೆ ಎಳೀತಾರೆ, ಬೆಚ್ಚಗೆ ಮಾಡಿದ ಹೊಸ ರಕ್ತ 10 ಎಂಎಲ್ ಒಳಗೆ ಬಿಡ್ತಾರೆ, ಸಿಸ್ಟರ್ ಒಬ್ಬರು ಪ್ರತಿ ಸಲ ಗೀಟು ಹಾಕ್ತಾ ಲೆಕ್ಕ ಬರೀತಿದಾರೆ. 400 ಎಂಎಲ್ ಮುಗಿಯೋಕೆ ಎರಡು ಗಂಟೆ ಹತ್ರ ಆಯ್ತು, ಯಾರೂ ಮಾತಾಡ್ಲಿಲ್ಲ. ಮಗು ಉಳೀತು. ಅದಾದ್ಮೇಲಿನ ಮಗು ಉಳೀಲಿಲ್ಲ, ಏಳನೇ ತಿಂಗಳಲ್ಲಿ ಮೈಯೆಲ್ಲ ನೀರು ತುಂಬಿ ಹೊಟ್ಟೇಲೇ ಹೋಯ್ತು.

ರಕ್ತ ಬದಲಾಯಿಸಿದ ದಿನ ಆ ಅಕ್ಕ ಬಂದು, ನಂದೂ ಓ ನೆಗೆಟಿವ್, ನನ್ನ ರಕ್ತ ತಗೊಳ್ಳಿ ಅಂತ ಕೈ ಚಾಚಿದ್ರು. ಹತ್ತಿರದ ಸಂಬಂಧಿಕರ ರಕ್ತ ಹಂಗೇ ಹಸುಗೂಸಿಗೆ ಹಾಕೋದಿಲ್ಲ, ಆದ್ರೂ ಟೆಸ್ಟ್ ಮಾಡಿ ನೋಡಿದೆ. ಮೂರು ಹೆತ್ತೋರ ರಕ್ತದಲ್ಲಿ ಒಂದು ಚೂರೂ ಆಂಟಿಬಾಡಿ ಇಲ್ಲ! ಅವರು ಅಳ್ತಾ ಕೇಳಿದ್ರು, ನಂಗ್ಯಾಕೆ ಆಗ್ಲಿಲ್ಲ ಡಾಕ್ಟ್ರಮ್ಮ, ಅವಳಿಗ್ಯಾಕೆ ಆಯ್ತು?

ಒಂದೇ ಹೆಪ್ಪು ಹಾಕಿದ್ರೂ ಎಲ್ಲಾ ಹಾಲೂ ಹೆಪ್ಪಾಗಲ್ಲಮ್ಮ ಅಂದೆ. ಅಕ್ಕನ ಮೂರು ಮಕ್ಕಳಲ್ಲಿ ಚಿಕ್ಕವಳು ಅಮ್ಮನ ಥರಾನೇ ಓ ನೆಗೆಟಿವ್, ಅವಳ ರಕ್ತದಿಂದ ತೊಂದ್ರೆ ಬರೋ ಮಾತೇ ಇಲ್ಲ. ಗಂಡನ ಹತ್ರ ಡಿ ಜೀನ್ ಒಂದೇ ಇದ್ರೆ ಹಿಂಗೆ ನೆಗೆಟಿವ್ ಮಗುನೂ ಹುಟ್ಟುತ್ತೆ, ಎರಡೂ ಇದ್ರೆ ಎಲ್ಲಾ ಮಕ್ಕಳೂ ಪಾಸಿಟಿವ್ವೇ. ಇನ್ನಿಬ್ಬರು ಬಿ ಪಾಸಿಟಿವ್. ಓ ಗ್ರೂಪ್ ತಾಯಿ ಮೈಯಲ್ಲಿ ಬಿ ವಿರುದ್ಧ ಆಂಟಿಬಾಡಿ ಹುಟ್ಟಿನಿಂದಲೇ ಅನ್ನೋ ಹಂಗೆ ಇರುತ್ತೆ, ಬಿ ರಕ್ತ ಒಳಗೆ ಬಂದ ತಕ್ಷಣ ಅದನ್ನ ಗುಡಿಸಿ ಹಾಕುತ್ತೆ, ಡಿ ಕಣ್ಣಿಗೆ ಬೀಳೋಷ್ಟು ಹೊತ್ತು ಕಣ ಉಳಿಯೋದೇ ಇಲ್ಲ. ತಂಗಿಗೆ ಆ ಕಾವಲು ಇರ್ಲಿಲ್ಲ, ಯಾಕಂದ್ರೆ ಅವರೂ ಬಿ, ಗಂಡನೂ ಬಿ.

ಇದರ ಮೇಲೆ ಅವರವರ ಮೈಗುಣ ಬೇರೆ. ಬೇಕಂತ್ಲೇ ಪಾಸಿಟಿವ್ ರಕ್ತ ಕೊಟ್ರೂ ನೆಗೆಟಿವ್ ಇರೋರಲ್ಲಿ 100ಕ್ಕೆ 20 ರಿಂದ 30 ಜನಕ್ಕೆ ಆಂಟಿಬಾಡಿ ಆಗೋದೇ ಇಲ್ಲ. ಡಿ ಜೀನ್ ಇರೋದು 1ನೇ ಕ್ರೋಮೋಸೋಮಲ್ಲಿ, ಆದ್ರೆ ಹೊರಗಿನ ವಸ್ತು ಬಂದಿದೆ ಅಂತ ಮೈಗೆ ತೋರಿಸಿಕೊಡೋ ಎಚ್‌ಎಲ್‌ಎ ಜೀನ್‌ಗಳು ಇರೋದು 6ನೇದರಲ್ಲಿ, ಅವು ಅಕ್ಕಂಗೊಂದು ಥರ ತಂಗಿಗೊಂದು ಥರ ಬಂದಿರ್ತವೆ. ಕೆಲವು ಬಗೆ ಎಚ್‌ಎಲ್‌ಎ ಇರೋರಲ್ಲಿ ಆಂಟಿಬಾಡಿ ಜಾಸ್ತಿ ಅಂತ ಗೊತ್ತಾಗಿದೆ. ಹಾಗಾದ್ರೆ ಯಾರಿಗೆ ಆಗುತ್ತೆ ಅಂತ ಮೊದ್ಲೇ ಟೆಸ್ಟ್ ಮಾಡಿ ಹೇಳ್ಬಹುದಾ? ಆಗಲ್ಲ. ಅದಕ್ಕೇ ಎಲ್ಲರೂ ಆಂಟಿ-ಡಿ ತಗೋಬೇಕು. ಅಕ್ಕನ ಮೈ ನೋಡಿ ತಂಗಿ ಮೈ ಅಳೀಬೇಡಿ.

ಕಥೆ ಹೇಳ್ತಾ ಹೊತ್ತು ಹೋಯ್ತು, ಉಳಿದಿದ್ದು ಬೇಗ ಹೇಳ್ತೀನಿ. ತಾಯಿ ಕಾರ್ಡಲ್ಲಿ ಬ್ಲಡ್ ಗ್ರೂಪ್ ನೋಡ್ಕೊಳ್ಳಿ. ನೆಗೆಟಿವ್ ಅಂತಿದ್ರೆ ಐಸಿಟಿ ಅನ್ನೋ ಟೆಸ್ಟ್ ಮಾಡಿಸಿ, ಆಂಟಿಬಾಡಿ ಇಲ್ಲ ಅಂತ ಬಂದ್ರೆ 28 ವಾರಕ್ಕೆ ಒಂದು ಆಂಟಿ-ಡಿ, ಹೆರಿಗೆ ಆಗಿ ಮಗು ಪಾಸಿಟಿವ್ ಅಂದ್ರೆ 72 ಗಂಟೆ ಒಳಗೆ ಇನ್ನೊಂದು. ಗರ್ಭ ಹೋದ್ರೂ, ತೆಗೆಸಿದ್ರೂ, ಟ್ಯೂಬಲ್ಲಿ ನಿಂತಿದ್ರೂ, ಬಸುರೀಲಿ ಬಿದ್ದು ಹೊಟ್ಟೆಗೆ ಏಟಾದ್ರೂ ಡಾಕ್ಟ್ರನ್ನ ಕೇಳಿ ಬೇಕಾ ಅಂತ. ಮಾತ್ರೆ ನುಂಗಿ ಮನೇಲೇ ಮುಗಿಸ್ಕೊಂಡೆ ಅಂತ ಸುಮ್ನಿರಬೇಡಿ. ಮೊಸರಾದ ಮೇಲೆ ಮತ್ತೆ ಹಾಲಾಗಲ್ಲ, ಆಂಟಿಬಾಡಿ ಒಂದ್ಸಲ ಆಯ್ತು ಅಂದ್ರೆ ಈ ಇಂಜೆಕ್ಷನ್ ಕೆಲ್ಸಕ್ಕೆ ಬರಲ್ಲ.

ಈ ಔಷಧಿ ಬಳಕೆಗೆ ಬಂದಿದ್ದು 1968ರ ಆಸುಪಾಸಲ್ಲಿ. ಡಿ ವಿರುದ್ಧ ಆಂಟಿಬಾಡಿ ಇರೋ ಜನರ ಪ್ಲಾಸ್ಮಾದಿಂದ, ಅಂದ್ರೆ ರಕ್ತದ ನೀರಿನ ಭಾಗದಿಂದ, ಇದನ್ನ ಹೆಚ್ಚಾಗಿ ಮಾಡ್ತಾ ಬಂದಿದಾರೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅನ್ನೋರು 81 ವರ್ಷ ಆಗೋ ತನಕ 1173 ಸಲ ಕೊಟ್ರು, 2025ರಲ್ಲಿ ತೀರ್ಕೊಂಡ್ರು. ಅವರ ಬಗ್ಗೆ ಹೇಳೋಕೆ ಇನ್ನೊಂದು ದಿನಾನೇ ಬೇಕು.

ಹೋದ ವರ್ಷ ಆ ಅಕ್ಕ ಮತ್ತೆ ಬಂದಿದ್ರು. ಜೊತೇಲಿ ಚಿಕ್ಕ ಮಗಳು, ಓ ನೆಗೆಟಿವ್ ಅಂದ್ನಲ್ಲ ಅವಳೇ, ಈಗ ತುಂಬಿದ ಬಸುರಿ, ಅಳಿಯ ಪಾಸಿಟಿವ್. ಚೀಲದಿಂದ ಥರ್ಮಾಸ್ ಫ್ಲಾಸ್ಕ್ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದ್ರು, ಕೆಳಗೆ ಐಸು, ಮೇಲೆ ಬಟ್ಟೆ, ಬಟ್ಟೆ ಒಳಗೆ ಆಂಟಿ-ಡಿ ಡಬ್ಬಿ. 28 ವಾರದ್ದು ಆಯ್ತು ಡಾಕ್ಟ್ರಮ್ಮ, ಇದು ಹೆರಿಗೆಗೆ ಅಂತ ಮೊದ್ಲೇ ತಂದಿಟ್ಟಿದೀನಿ, ಫ್ರಿಜ್ಜಲ್ಲಿ ಎಲ್ಲಿಡ್ಲಿ ಅಂದ್ರು. ಬಾಗಿಲಲ್ಲಿ ಬೇಡ, ಮೇಲೆ ಫ್ರೀಜರಲ್ಲಂತೂ ಬೇಡವೇ ಬೇಡ, ಮಧ್ಯದ ತಟ್ಟೇಲಿಡಿ ಅಂತ ಹೇಳಿ ಕಳಿಸ್ದೆ.

ನಮಸ್ಕಾರ.