ಹದಿನೇಳರ ಹುಡುಗನ ಫೋನು

ಕೇಳುಗರಿಗೆ ನಮಸ್ಕಾರ.

ನನ್ನ ಅಕ್ಕನ ಮಗ ಎರಡು ವರ್ಷದ ಹಿಂದೆ ಎಂ.ಎಸ್. ಓದಲು ಅಮೆರಿಕಕ್ಕೆ ಹೋದ. ದಕ್ಷಿಣದ ಒಂದು ರಾಜ್ಯ, ದೊಡ್ಡ ಯೂನಿವರ್ಸಿಟಿ. ಇಲ್ಲಿದ್ದಾಗ ಕ್ರಿಕೆಟ್ ಬಿಟ್ಟರೆ ಬೇರೆ ಆಟದ ಗೊಡವೆಯೇ ಇರಲಿಲ್ಲ ಅವನಿಗೆ. ಅಲ್ಲಿ ಹೋದ ಮೂರೇ ತಿಂಗಳಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹಿಡಿಯಿತು. ಶನಿವಾರ ಬಂತೆಂದರೆ ಯೂನಿವರ್ಸಿಟಿ ಬಣ್ಣದ ಟೀಶರ್ಟ್ ಹಾಕಿಕೊಂಡು ಸ್ಟೇಡಿಯಂಗೆ ಹೊರಡುತ್ತಾನೆ.

ಒಂದು ರಾತ್ರಿ ಫೋನ್ ಮಾಡಿದ. ಧ್ವನಿ ಸ್ವಲ್ಪ ಸಣ್ಣದಾಗಿತ್ತು. ನಡೆದದ್ದು ಇಷ್ಟು. ಅಲ್ಲಿ 17 ವರ್ಷದ ಒಬ್ಬ ಹೈಸ್ಕೂಲ್ ಹುಡುಗ. ಬಹಳ ಚೆನ್ನಾಗಿ ಆಡುತ್ತಾನೆ. ಯಾವ ಯೂನಿವರ್ಸಿಟಿಗೆ ಸೇರುತ್ತಾನೆ ಎಂದು ಊರೆಲ್ಲ ಮಾತು. ಆ ಹುಡುಗ ಇನ್‌ಸ್ಟಾಗ್ರಾಂನಲ್ಲಿ ತನ್ನ ಅಜ್ಜಿಯ ಜೊತೆ ಊಟಕ್ಕೆ ಕೂತ ಫೋಟೊ ಹಾಕಿದ್ದ. ನಮ್ಮವನು ಅದರ ಕೆಳಗೆ 'ನಮ್ಮಲ್ಲಿಗೇ ಬಾ, ಎಲ್ಲರೂ ಕಾಯ್ತಿದ್ದೇವೆ' ಎಂದು ಬರೆದ. ಪಕ್ಕದಲ್ಲಿದ್ದ ರೂಮ್‌ಮೇಟ್, ಅಲ್ಲಿನದೇ ಹುಡುಗ, ಅದನ್ನು ನೋಡಿ ಗಾಬರಿಯಾಗಿ 'ಮೊದಲು ಅದನ್ನ ತೆಗಿ' ಅಂದನಂತೆ.

'ಚಿಕ್ಕಮ್ಮಾ, ಪ್ರೀತಿಯಿಂದ ಬಾ ಅಂತ ಕರೆದಿದ್ದೂ ತಪ್ಪಾ?' ಅಂತ ನನ್ನನ್ನು ಕೇಳಿದ.

ನನಗೂ ಗೊತ್ತಿರಲಿಲ್ಲ. ಆಮೇಲೆ ಓದುತ್ತಾ ಹೋದೆ. ಆ ಓದಿನಿಂದ ನನಗೆ ಹೊಳೆದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಅಮೆರಿಕದಲ್ಲಿ ಕಾಲೇಜು ಆಟ ಅಂದರೆ ನಮ್ಮ ಅಂತರ ಕಾಲೇಜು ಪಂದ್ಯದ ಹಾಗಲ್ಲ. ಮಿಶಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ 1,07,000ಕ್ಕೂ ಜಾಸ್ತಿ ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಎರಡು ಪಟ್ಟಿಗೂ ಹೆಚ್ಚು. ಅಷ್ಟೂ ಜನ ವಿದ್ಯಾರ್ಥಿಗಳ ಆಟ ನೋಡಲು ಬರುವವರು. ಇದನ್ನೆಲ್ಲ ನಡೆಸುವ ಸಂಸ್ಥೆ ಎನ್‌ಸಿಎಎ. 1906ರಲ್ಲಿ ಹುಟ್ಟಿದ್ದು, ಈಗ ಇಂಡಿಯಾನಾಪೊಲಿಸ್‌ನಲ್ಲಿದೆ. ಸುಮಾರು 1,100 ಕಾಲೇಜುಗಳು, 5 ಲಕ್ಷದಷ್ಟು ಆಟಗಾರರು ಅದರ ಕೆಳಗೆ ಬರುತ್ತಾರೆ.

ಒಳ್ಳೆಯ ಆಟಗಾರರನ್ನು ಹೈಸ್ಕೂಲಿನಲ್ಲೇ ಹುಡುಕಿ, ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಂಡು ಬರುವುದಕ್ಕೆ ರಿಕ್ರೂಟಿಂಗ್ ಅನ್ನುತ್ತಾರೆ. ಕೋಚ್‌ಗಳು ಹುಡುಗರ ಮನೆಗೇ ಹೋಗಿ ಸೋಫಾದಲ್ಲಿ ಕೂತು ಅಪ್ಪ ಅಮ್ಮನ ಹತ್ತಿರ ಮಾತಾಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಒಂದೇ ಮನೆಗೆ ಇಪ್ಪತ್ತು ಕಡೆಯವರು ಬಂದರೆ ಆ ಮನೆಯವರ ಗತಿ ಏನು? ಹಾಗಾಗಿ ಇದಕ್ಕೆ ಒಂದು ಕ್ಯಾಲೆಂಡರ್ ಇದೆ. ಯಾವಾಗ ಭೇಟಿ ಮಾಡಬಹುದು, ಯಾವಾಗ ಬರೀ ಫೋನ್ ಮಾಡಬಹುದು ಎಂದು ಅದರಲ್ಲಿ ಇರುತ್ತದೆ. 'ಡೆಡ್ ಪೀರಿಯಡ್' ಎಂದು ಕರೆಯುವ ದಿನಗಳಲ್ಲಿ ಮುಖಾಮುಖಿ ಭೇಟಿಯೇ ಇಲ್ಲ.

ಫೋನು ಬಂದ ಮೇಲೆ ಈ ಕ್ಯಾಲೆಂಡರ್‌ಗೆ ತೂತು ಬಿತ್ತು. ಮನೆಗೆ ಹೋಗುವಂತಿಲ್ಲ, ಸರಿ. ಮೆಸೇಜ್ ಮಾಡಬಹುದಲ್ಲ? ಕೋಚ್‌ಗಳು ಒಬ್ಬೊಬ್ಬ ಹುಡುಗನಿಗೂ ದಿನವಿಡೀ ಮೆಸೇಜ್ ಕಳಿಸತೊಡಗಿದರು. 2007ರ ಆಗಸ್ಟ್‌ನಲ್ಲಿ ಎನ್‌ಸಿಎಎ ಅದನ್ನು ಪೂರ್ತಿ ನಿಲ್ಲಿಸಿತು. ನಿಲ್ಲಿಸಿ ಎಂದು ಒತ್ತಾಯ ಮಾಡಿದವರಲ್ಲಿ ಆಟಗಾರ ವಿದ್ಯಾರ್ಥಿಗಳ ಸಲಹಾ ಸಮಿತಿಯೂ ಇತ್ತು. ಇದು ನನ್ನ ಮನಸ್ಸಿಗೆ ನಾಟಿತು. ಆಗ ಅಲ್ಲಿ ಬರುವ ಮೆಸೇಜಿಗೂ ದುಡ್ಡು ಕಟ್ಟಬೇಕಿತ್ತು, ಬಿಲ್ ಮನೆಯವರ ತಲೆ ಮೇಲೆ. ಅದಕ್ಕಿಂತ ಜಾಸ್ತಿ, ಕ್ಲಾಸಿನಲ್ಲಿ ಕೂತರೂ, ಮಲಗಿದರೂ ಬಿಡುವಿಲ್ಲ. ಆ ಕಿರಿಕಿರಿ ಅನುಭವಿಸಿದವರೇ ಸಾಕು ಅಂದರು.

ಫೋನ್ ಕರೆಗೆ ಮೊದಲಿಂದಲೂ ಮಿತಿ ಇತ್ತು, ಮೀರಿದವರಿಗೆ ಪೆಟ್ಟೂ ಬಿತ್ತು. ಕೆಲ್ವಿನ್ ಸ್ಯಾಂಪ್ಸನ್ ಎಂಬ ದೊಡ್ಡ ಬಾಸ್ಕೆಟ್‌ಬಾಲ್ ಕೋಚ್ ಒಕ್ಲಹೋಮಾದಲ್ಲಿದ್ದಾಗ ಅವರೂ ಅವರ ಸಹಾಯಕರೂ ಸೇರಿ ಮಾಡಬಾರದ 577 ಕರೆ ಮಾಡಿದ್ದರು. ಆಮೇಲೆ ಇಂಡಿಯಾನಾಗೆ ಹೋದರು, ಅಲ್ಲೂ ಕರೆಗಳದ್ದೇ ತಕರಾರು. 2008ರ ಫೆಬ್ರವರಿಯಲ್ಲಿ ಕೆಲಸ ಬಿಡಬೇಕಾಯಿತು. ಕೆಲವು ವರ್ಷಗಳಲ್ಲೇ ನಿಯಮ ಸಡಿಲವಾಯಿತು. 2012ರಿಂದ ಗಂಡುಮಕ್ಕಳ ಬಾಸ್ಕೆಟ್‌ಬಾಲ್‌ನಲ್ಲಿ ಕರೆ, ಮೆಸೇಜಿಗೆ ಮಿತಿಯಿಲ್ಲ. ಅದೇ ಸ್ಯಾಂಪ್ಸನ್ 2025ರಲ್ಲಿ ಹ್ಯೂಸ್ಟನ್ ತಂಡವನ್ನು ಫೈನಲ್ ತನಕ ಕರೆದುಕೊಂಡು ಹೋದರು. 2016ರಲ್ಲಿ ಇನ್ನೊಂದು ಬದಲಾವಣೆ ಬಂತು. ಹುಡುಗನ ಪೋಸ್ಟಿಗೆ ಕೋಚ್ ಲೈಕ್ ಒತ್ತಬಹುದು, ಹಂಚಿಕೊಳ್ಳಬಹುದು. ಆದರೆ ಕೆಳಗೆ ಒಂದು ಸಾಲು ಬರೆಯುವಂತಿಲ್ಲ.

ಇಷ್ಟೆಲ್ಲ ಕೋಚ್‌ಗಳ ಮಾತಾಯಿತು. ಅಭಿಮಾನಿಗೆ ಯಾಕೆ ಈ ಕಟ್ಟು?

ಅದಕ್ಕೆ 'ಬೂಸ್ಟರ್' ಎಂಬ ಪದ ತಿಳಿಯಬೇಕು. ತಂಡಕ್ಕೆ ದೇಣಿಗೆ ಕೊಟ್ಟವರು, ಬೆಂಬಲಿಗರ ಸಂಘಕ್ಕೆ ಸೇರಿದವರು, ಆಟಗಾರನಿಗೆ ಕೆಲಸ ಕೊಡಿಸಿದವರು ಎಲ್ಲರೂ ಬೂಸ್ಟರ್. ಒಮ್ಮೆ ಬೂಸ್ಟರ್ ಆದರೆ ಜೀವನಪೂರ್ತಿ ಬೂಸ್ಟರ್. ಅವರು ಹೈಸ್ಕೂಲ್ ಆಟಗಾರನನ್ನು ಕರೆತರಲು ಕೈ ಹಾಕುವಂತಿಲ್ಲ. ಇದರ ಹಿಂದೆ ಕಹಿ ಇತಿಹಾಸ ಇದೆ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ, ಈಗ ನಮ್ಮ ಕನ್ನಡದವರೂ ಬೇಕಾದಷ್ಟು ಮಂದಿ ಇರುವ ಊರು ಅದು, ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ ಇದೆ. ಅಲ್ಲಿ ಒಬ್ಬ ಬೂಸ್ಟರ್ ಒದಗಿಸಿದ ಹಣದಿಂದ 13 ಆಟಗಾರರಿಗೆ ಗುಟ್ಟಾಗಿ ಸುಮಾರು 61,000 ಡಾಲರ್ ಹೋಗಿತ್ತು. ಹಿಂದೆಯೂ ಸಿಕ್ಕಿಬಿದ್ದಿದ್ದರು. ಈ ಸಲ ಎನ್‌ಸಿಎಎ ಆ ತಂಡದ 1987ರ ಇಡೀ ಫುಟ್‌ಬಾಲ್ ಸೀಸನ್ ರದ್ದು ಮಾಡಿತು. ಮುಂದಿನ ವರ್ಷ ಆ ಯೂನಿವರ್ಸಿಟಿ ತಾನಾಗಿಯೇ ಆಡಲಿಲ್ಲ. ಬಲಿಷ್ಠ ತಂಡವೊಂದು ದಶಕಗಳ ಕಾಲ ಮೇಲೇಳಲಿಲ್ಲ.

ಆ ಭಯ ಎಷ್ಟು ಅಂದರೆ, ದುಡ್ಡೇ ಇಲ್ಲದ ಸಾಮಾನ್ಯ ವಿದ್ಯಾರ್ಥಿಗೂ ಅದು ತಟ್ಟಿತು. 2009ರಲ್ಲಿ ಉತ್ತರ ಕೆರೊಲಿನಾದ ರಾಲಿಯಲ್ಲಿ ಜಾನ್ ವಾಲ್ ಎಂಬ ಹೈಸ್ಕೂಲ್ ಬಾಸ್ಕೆಟ್‌ಬಾಲ್ ಆಟಗಾರ ಇದ್ದ. ಅದೇ ಊರಿನ ಎನ್‌ಸಿ ಸ್ಟೇಟ್ ಯೂನಿವರ್ಸಿಟಿಯ ಒಬ್ಬ ಮೊದಲ ವರ್ಷದ ವಿದ್ಯಾರ್ಥಿ 'ಜಾನ್ ವಾಲ್, ದಯವಿಟ್ಟು ಇಲ್ಲಿಗೆ ಬಾ' ಎಂಬ ಅರ್ಥದ ಫೇಸ್‌ಬುಕ್ ಗುಂಪು ಮಾಡಿದ. ಯೂನಿವರ್ಸಿಟಿಯ ನಿಯಮಪಾಲನೆ ಕಚೇರಿಯಿಂದ ಅವನಿಗೆ ಪತ್ರ ಬಂತು. ಇದನ್ನು ನಿಲ್ಲಿಸು, ಇಲ್ಲದಿದ್ದರೆ ಕ್ರೀಡಾ ವಿಭಾಗ ನಿನ್ನನ್ನು ದೂರ ಇಡಬೇಕಾಗುತ್ತದೆ ಎಂಬ ಎಚ್ಚರಿಕೆ. ದೊಡ್ಡ ಗಲಾಟೆಯಾಯಿತು. ಮಾತಾಡುವ ಹಕ್ಕಿಲ್ಲವೇ ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ವಾಲ್ ಕೊನೆಗೆ ಕೆಂಟಕಿಗೆ ಹೋದ, 2010ರಲ್ಲಿ ಎನ್‌ಬಿಎ ಎಂಬ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ.

ಈ ಪ್ರಸಂಗ ಓದಿದಾಗ ನನಗೆ ಮೊದಲು ಆ ವಿದ್ಯಾರ್ಥಿಯ ಮೇಲೆ ಅನುಕಂಪ ಬಂತು. ಅವನೂ ಮಗುವೇ ಅಲ್ವಾ. ಪತ್ರ ಬರೆದು ಹೆದರಿಸುವ ಬದಲು ಕರೆದು ಕೂರಿಸಿ ಹೇಳಬಹುದಿತ್ತು. ಆಮೇಲೆ ಇನ್ನೊಂದು ಕಾಣಿಸಿತು. ಇಡೀ ಚರ್ಚೆಯಲ್ಲಿ ಎರಡೇ ಮಾತು: ಯೂನಿವರ್ಸಿಟಿಗಳ ನಡುವೆ ಸಮಾನತೆ, ಅಭಿಮಾನಿಯ ಹಕ್ಕು. ಜಾನ್ ವಾಲ್‌ಗೆ ಹೇಗನಿಸಿತು ಎಂದು ಕೇಳುವುದು ಯಾರಿಗೂ ಮುಖ್ಯವಾಗಲಿಲ್ಲ. ನಿಯಮ ಮಾಡಿದ್ದು ಯಾವ ಕಾಲೇಜಿಗೂ ಕಳ್ಳ ಲಾಭ ಸಿಗಬಾರದು ಎಂದು. ಹುಡುಗನ ನೆಮ್ಮದಿಗಾಗಿ ಅಲ್ಲ. ಆದರೆ ಅದು ಅರಿವಿಲ್ಲದೆಯೇ ಹುಡುಗನನ್ನೂ ಕಾಯುತ್ತಿತ್ತು ಎಂದು ನನ್ನ ನಂಬಿಕೆ.

ಸುಮ್ನೆ ಯೋಚನೆ ಮಾಡಿ. ಒಬ್ಬ ಬಂದು 'ನಮ್ಮಲ್ಲಿಗೆ ಬಾ' ಅಂದರೆ ಖುಷಿ. ನೂರು ಜನ ಅಂದರೆ ಹೆಮ್ಮೆ. ಹತ್ತು ಸಾವಿರ ಜನ ಪ್ರತಿ ರಾತ್ರಿ ಅಂದರೆ? ಅವನು ಒಂದೇ ಕಡೆ ಸೇರಬಹುದು. ಆ ದಿನ ಉಳಿದ ಊರಿನ ಅಭಿಮಾನಿಗಳಿಗೆಲ್ಲ ಅವನು ದ್ರೋಹಿ. ನಿನ್ನೆ 'ತಮ್ಮಾ' ಎಂದವರೇ ಇವತ್ತು 'ನಿನ್ನ ಕಾಲು ಮುರಿಯಲಿ' ಎನ್ನುತ್ತಾರೆ. 2022ರ ಏಷ್ಯಾ ಕಪ್‌ನಲ್ಲಿ ಒಂದು ಕ್ಯಾಚ್ ಬಿಟ್ಟಿದ್ದಕ್ಕೆ ಅರ್ಷದೀಪ್ ಸಿಂಗ್ ಅವರನ್ನು ನಮ್ಮ ಜನ ಹೇಗೆ ಬೈದರು, ನೆನಪಿದೆ ತಾನೆ? ಅವರಿಗೆ ಆಗ 23 ವರ್ಷ, ಭಾರತ ತಂಡದ ಆಟಗಾರ. ಈ ಹುಡುಗ ಇನ್ನೂ ಹೈಸ್ಕೂಲಿನಲ್ಲಿದ್ದಾನೆ. ಅವನು ಯಾವ ಕ್ಯಾಚೂ ಬಿಟ್ಟಿಲ್ಲ. ಕಾಲೇಜು ಆರಿಸಿಕೊಂಡಿದ್ದಾನೆ, ಅಷ್ಟೇ.

ಈಗ ಕಾಲ ಬದಲಾಗಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಮಾಡಬಹುದು. ಬೂಸ್ಟರ್‌ಗಳು ಒಟ್ಟು ಸೇರಿ 'ಕಲೆಕ್ಟಿವ್' ಕಟ್ಟಿ ಬಹಿರಂಗವಾಗಿಯೇ ದುಡ್ಡು ಕೊಡುತ್ತಾರೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಯೂನಿವರ್ಸಿಟಿಗಳೇ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ ಆಟಗಾರರಿಗೆ ಹಂಚಬಹುದು. ದುಡಿಯುವವರಿಗೆ ಪಾಲು ಸಿಗಲಿ, ಅದು ಸರಿಯೇ. ಆದರೆ ದುಡ್ಡು ಬಂದ ಕೂಡಲೇ ಅಭಿಮಾನಿಯ ಮಾತೂ ಬದಲಾಯಿತು. 'ನಿನಗೆ ದುಡ್ಡು ಕೊಡ್ತಾರಲ್ಲ, ಬೈಸಿಕೋ' ಎಂಬ ಧಾಟಿ.

ಜೂಜೂ ಸೇರಿಕೊಂಡಿತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಂದೊಂದೇ ರಾಜ್ಯ ಕ್ರೀಡಾ ಬೆಟ್ಟಿಂಗ್‌ಗೆ ಬಾಗಿಲು ತೆರೆಯಿತು. ಈಗ ತಂಡ ಗೆಲ್ಲುತ್ತದೋ ಸೋಲುತ್ತದೋ ಎಂಬುದರ ಮೇಲೆ ಮಾತ್ರ ಅಲ್ಲ, ಒಬ್ಬ ಹುಡುಗ ಎಷ್ಟು ಪಾಯಿಂಟ್ ಹೊಡೆಯುತ್ತಾನೆ ಎಂಬುದರ ಮೇಲೂ ಬಾಜಿ. 2024ರ ಮಾರ್ಚ್‌ನಲ್ಲಿ ಉತ್ತರ ಕೆರೊಲಿನಾ ಯೂನಿವರ್ಸಿಟಿಯ ಬಾಸ್ಕೆಟ್‌ಬಾಲ್ ತಂಡದ ಅರ್ಮಾಂಡೊ ಬೇಕಟ್ ಒಂದು ಪಂದ್ಯ ಗೆದ್ದು ಬಂದು ಫೋನ್ ತೆರೆದರೆ ನೂರಕ್ಕೂ ಹೆಚ್ಚು ಬೈಗುಳ. ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡು, ಸಾಕಷ್ಟು ಹಿಡಿಯಲಿಲ್ಲವಂತೆ! ತಂಡ ಗೆದ್ದಿತ್ತು, ಬಾಜಿ ಕಟ್ಟಿದವರು ಸೋತಿದ್ದರು. ಎನ್‌ಸಿಎಎ ಆ ವರ್ಷ ಇಂಥ ಮೆಸೇಜುಗಳನ್ನು ಪರಿಶೀಲನೆ ಮಾಡಿಸಿದಾಗ, ಬಾಸ್ಕೆಟ್‌ಬಾಲ್ ಆಡುವ ಹೆಣ್ಣುಮಕ್ಕಳಿಗೆ ಬರುವ ಬೆದರಿಕೆ ಗಂಡುಮಕ್ಕಳಿಗಿಂತ ಸುಮಾರು ಮೂರು ಪಟ್ಟು ಎಂದು ಗೊತ್ತಾಯಿತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಇದು ನಮಗೆ ದೂರದ ಕಥೆ ಅಲ್ಲ. ದೆಹಲಿಯ ತೇಜಸ್ವಿನ್ ಶಂಕರ್ ಕನ್ಸಾಸ್ ಸ್ಟೇಟ್ ಪರವಾಗಿ ಹೈಜಂಪ್‌ನಲ್ಲಿ ಎನ್‌ಸಿಎಎ ಚಾಂಪಿಯನ್ ಆದವರು, 2018ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ. ಟೆನಿಸ್‌ನ ಸೋಮದೇವ್ ದೇವವರ್ಮನ್ ವರ್ಜೀನಿಯಾ ಪರ ಆಡಿ 2007, 2008ರಲ್ಲಿ ಗೆದ್ದವರು. ನಮ್ಮಲ್ಲೂ ಬೆಳಗ್ಗೆ ಐದಕ್ಕೆ ಮಗಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗುವ ಅಪ್ಪಂದಿರು ಇದ್ದಾರೆ, ಅವರಿಗೆ ಎರಡು ಮಾತು. ಹೆಚ್ಚಿನ ಆಟಗಳಲ್ಲಿ, ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ರ ತನಕ ಅಲ್ಲಿನ ಕೋಚ್ ನಿಮ್ಮ ಮಗಳ ಇಮೇಲ್‌ಗೆ ಸೇರ್ಪಡೆಯ ಬಗ್ಗೆ ಉತ್ತರ ಬರೆಯುವಂತಿಲ್ಲ. ಉತ್ತರ ಬರಲಿಲ್ಲ ಅಂದರೆ ಬೇಡ ಅಂದ ಹಾಗಲ್ಲ, ಮಗು ನಿರಾಶೆಯಾಗದಂತೆ ನೋಡಿಕೊಳ್ಳಿ. ಇನ್ನು, ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದ ಮಕ್ಕಳು ಆ ಜಾಹೀರಾತಿನ ದುಡ್ಡಿಗೆ ಸುಲಭವಾಗಿ ಕೈ ಹಾಕುವಂತಿಲ್ಲ, ವೀಸಾ ಷರತ್ತು ಅಡ್ಡ ಬರುತ್ತದೆ. ವಕೀಲರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಿಸಬೇಡಿ. ಫೋನಿನಲ್ಲಿ ಅಪರಿಚಿತರ ಮೆಸೇಜ್ ಮುಚ್ಚಿಡುವ ಸೆಟಿಂಗ್ ಇದೆ. ಹೊರಡುವ ಮುಂಚೆ ಇಬ್ಬರೂ ಕೂತು ಅದನ್ನು ಹಾಕಿ.

ನನ್ನ ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟೇ. 'ಸ್ಟೇಡಿಯಂನಲ್ಲಿ ಗಂಟಲು ಹರಿಯುವಷ್ಟು ಕೂಗು ಕಣೋ, ಯಾರೂ ಬೇಡ ಅನ್ನಲ್ಲ. ಆದರೆ ಆ ಹುಡುಗ ಅಜ್ಜಿಯ ಪಕ್ಕ ಕೂತಿರುವಾಗ ನೀನು ಅಲ್ಲಿಗೆ ಹೋಗಬೇಡ.'

ಅವನು ಅಂದೇ ಆ ಸಾಲು ಅಳಿಸಿದ. ಫೆಬ್ರವರಿಯಲ್ಲಿ ಆ ಹುಡುಗ ಬೇರೆ ಯೂನಿವರ್ಸಿಟಿಗೆ ಸಹಿ ಹಾಕಿದನಂತೆ. ನಮ್ಮವನಿಗೆ ಬೇಜಾರಾಗಿ ಇನ್ನೊಮ್ಮೆ ಅವನ ಪುಟ ನೋಡಿದ. ಅಜ್ಜಿಯ ಫೋಟೊದ ಕೆಳಗೂ ಬೈಗುಳ ಬಿದ್ದಿತ್ತು, ಅಜ್ಜಿಯನ್ನೂ ಬಿಟ್ಟಿರಲಿಲ್ಲ. ಎರಡು ದಿನ ಬಿಟ್ಟು ನೋಡಿದಾಗ ಆ ಫೋಟೊ ಅಲ್ಲಿರಲಿಲ್ಲ.

ನಮಸ್ಕಾರ.